ಧನುಶ್ರೀಯ ಕೋಡ್, ವೇಣುಗೋಪಾಲನ ತಕರಾರು

ವೇಣುಗೋಪಾಲನ ಮುಖ ನೋಡುವ ಮೊದಲೇ ಧನುಶ್ರೀಗೆ ಅವನ ಮೇಲೆ ಸಿಟ್ಟು ಬಂದಿತ್ತು.

ಯಲಹಂಕದ ಆ ಚಿಕ್ಕ ಕಂಪನಿ ಆಸ್ಪತ್ರೆಯ ಡ್ರಿಪ್ ಪಂಪುಗಳಿಗೆ ಆಪರೇಟಿಂಗ್ ಸಿಸ್ಟಮ್ ಮಾಡುತ್ತಿತ್ತು. ರೋಗಿಯ ಮೈಗೆ ಎಷ್ಟು ಔಷಧಿ, ಎಷ್ಟು ವೇಗದಲ್ಲಿ ಇಳಿಯಬೇಕು ಎಂದು ನೋಡಿಕೊಳ್ಳುವ ಪಂಪು. ಅದರೊಳಗಿನ ಪ್ರೋಗ್ರಾಮುಗಳು ಕೇಳಿದಾಗಲೆಲ್ಲ ಮೆಮೊರಿ ಹಂಚುವ ಕೋಡ್ ಬರೆದವಳು ಧನುಶ್ರೀ. ಅದನ್ನು ರಿವ್ಯೂ ಮಾಡುವ ಕೆಲಸ ಹೊಸದಾಗಿ ಸೇರಿದ ವೇಣುಗೋಪಾಲನದು. ಅವಳು ಜಕ್ಕೂರಿನ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದಳು, ಅವನು ನಾಗಸಂದ್ರದಲ್ಲಿ. ಹಾಗಾಗಿ ಅವನೆಂದರೆ ಅವಳ ಪಾಲಿಗೆ ಕೋಡ್ ಪಕ್ಕದಲ್ಲಿ ಮೂಡುವ ಕಾಮೆಂಟುಗಳಷ್ಟೇ.

'ಇಲ್ಲಿ ಒಂದರ ಹಿಂದೊಂದು ಮೂರು ಸಲ ಮೆಮೊರಿ ಕೇಳಿದ್ದೀರಿ. ಮೊದಲೆರಡು ಸಿಕ್ಕಿ ಮೂರನೆಯದು ಸಿಗದಿದ್ದರೆ, ಆ ಎರಡನ್ನು ವಾಪಸ್ ಕೊಡುವವರು ಯಾರು? ಬೇರೆ ಪ್ರೋಗ್ರಾಮ್ ಮಧ್ಯೆ ಬರದಂತೆ ಹಾಕಿಟ್ಟ ಲಾಕ್ ತೆಗೆಯುವವರು ಯಾರು?'

ಪಂಪಿನಲ್ಲಿ ಬೇಕಾದಷ್ಟು ಮೆಮೊರಿ ಇದೆ, ಆ ಪರಿಸ್ಥಿತಿ ಬರುವುದೇ ಇಲ್ಲ ಎಂದು ಅವಳು ಬರೆದಳು. ಬರದೇ ಇರಬಹುದು, ಬಂದರೆ ಏನು ಎಂದು ಅವನು ಕೇಳಿದ. ಕೇಳಿ, ಕೋಡನ್ನು ವಾಪಸ್ ಕಳಿಸಿದ. ಅವಳು ಒಂದಿಷ್ಟು ತಿದ್ದಿ ಮತ್ತೆ ಹಾಕಿದಳು. ಮತ್ತೆ ವಾಪಸ್.

ಅವನು ಆಫೀಸಿಗೆ ಬರುತ್ತಾನೆಂದು ಗೊತ್ತಾದ ದಿನ ಧನುಶ್ರೀ ಸ್ಕೂಟರ್ ಹತ್ತಿ ಹೊರಟಳು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೇ ಜಗಳದ ಮಾತು ಜೋಡಿಸಿಕೊಂಡಳು.

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಅವನು ತಲೆ ಬಗ್ಗಿಸಿ ಓದುತ್ತಿದ್ದ. ಓದುವಾಗ ತುಟಿ ಸಣ್ಣಗೆ ಅಲುಗುತ್ತಿತ್ತು. ಅವಳ ನೆರಳು ಬಿದ್ದಾಗ ತಲೆ ಎತ್ತಿದ. ಒಂದು ಕ್ಷಣ ಅವಳು ಯಾರೆಂದು ಗೊತ್ತಾಗಲಿಲ್ಲ, ಆಮೇಲೆ ಆ ಸಿಟ್ಟಿನ ಮುಖ ನೋಡಿ ಗೊತ್ತಾಯಿತು. ಗೊತ್ತಾದದ್ದು ಅವನ ಕಣ್ಣಿನಲ್ಲಿ ಮೊದಲು ಕಂಡಿತು.

"ಧನುಶ್ರೀ ಅಲ್ವಾ? ನಿಮ್ಮ ಕೋಡ್ ಓದೋಕೆ ಚೆನ್ನಾಗಿರುತ್ತೆ."

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎತ್ತಲೋ ಹೋಯಿತು. ಅದಕ್ಕೆ ಇನ್ನಷ್ಟು ಉರಿ ಹತ್ತಿತು.

ಅವತ್ತು ಒಂದೇ ಸ್ಕ್ರೀನಿನ ಮುಂದೆ ಕೂತು ಸಂಜೆವರೆಗೂ ವಾದ ಮಾಡಿದರು. ಅವನು ದನಿ ಏರಿಸಲಿಲ್ಲ, ಸೋಲಲೂ ಇಲ್ಲ. ಸಾಲು ತೋರಿಸಲು ಇಬ್ಬರೂ ಒಟ್ಟಿಗೆ ಕೈ ಚಾಚಿದಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಯಾವ ಸಾಲು ಎಂಬುದೇ ಇಬ್ಬರಿಗೂ ಮರೆತುಹೋಗಿತ್ತು.

ಅಲ್ಲಿಂದ ಮುಂದೆ ಅವಳು ವಾರಕ್ಕೆರಡು ಸಲ ಆಫೀಸಿಗೆ ಬರತೊಡಗಿದಳು. ಜಗಳಕ್ಕೆ ಎಂದೇ ತನಗೆ ತಾನು ಹೇಳಿಕೊಂಡಳು.

ಅಷ್ಟರಲ್ಲಿ ಮ್ಯಾನೇಜರ್ ವಿಶ್ವನಾಥ ಅವಳನ್ನು ರೂಮಿಗೆ ಕರೆದರು. ಒಂದು ಆಸ್ಪತ್ರೆಯವರು ಪಂಪು ನೋಡಲು ಬರುವವರಿದ್ದರು, ಒಪ್ಪಿದರೆ ನೇರ ವಾರ್ಡಿಗೇ ಹೋಗುತ್ತಿತ್ತು. ಅವಳ ಕೋಡ್ ಒಂದಕ್ಕಾಗಿ ಎಲ್ಲ ನಿಂತಿದೆ ಎಂದರು ಅವರು. ಧನುಶ್ರೀ ಕೈಲಿ ಈ ಕೆಲಸ ಆಗಲ್ಲ, ಬೇರೆಯವರಿಗೆ ಕೊಡಿ ಅಂತ ವೇಣುಗೋಪಾಲ್ ಹೇಳ್ತಿದ್ದಾನೆ ಎಂದೂ ಸೇರಿಸಿದರು.

ಅವಳ ಕಿವಿ ಬಿಸಿಯಾಯಿತು. ಎದುರಿಗೆ ಓದೋಕೆ ಚೆನ್ನಾಗಿದೆ ಅನ್ನೋದು, ಬೆನ್ನ ಹಿಂದೆ ಇದು. ಹಾಗಿದ್ದರೆ ಅವನನ್ನು ನನ್ನ ಕೋಡಿನಿಂದ ದೂರ ಇಡಿ ಎಂದಳು. ವಿಶ್ವನಾಥ ಅದಕ್ಕೇ ಕಾಯುತ್ತಿದ್ದವರಂತೆ ತಲೆಯಾಡಿಸಿದರು. ಮಧ್ಯಾಹ್ನದೊಳಗೆ ವೇಣುಗೋಪಾಲನನ್ನು ಪ್ರಾಜೆಕ್ಟಿನಿಂದ ತೆಗೆದಾಗಿತ್ತು. ಅವಳ ಕೋಡನ್ನು ವಿಶ್ವನಾಥರೇ ಪಾಸು ಮಾಡಿದ್ದರು.

ಅವನು ಬ್ಯಾಗ್ ಹೆಗಲಿಗೇರಿಸಿ ಅವಳ ಟೇಬಲ್ ಹತ್ತಿರ ನಿಂತ. ಏನೋ ಕೇಳುವವನಿದ್ದ. ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಅವನು ಹೊರಟುಹೋದ.

ಗೆದ್ದ ಖುಷಿ ಇರಲಿಲ್ಲ. ಅವನು ತಪ್ಪು ಎಂದು ಸಾಬೀತಾದರೆ ಸಮಾಧಾನ ಆಗಬಹುದು ಅನ್ನಿಸಿತು. ಮಾರನೆಯ ಬೆಳಿಗ್ಗೆ ಲ್ಯಾಬಿಗೆ ಹೋಗಿ ಪಂಪಿಗೆ ನೀರಿನ ಬಾಟಲಿ ನೇತುಹಾಕಿ, ಕೆಳಗೊಂದು ಗಾಜಿನ ಲೋಟ ಇಟ್ಟಳು. ಕೇಳಿದ ಮೆಮೊರಿ ಬೇಕೆಂದೇ ಸಿಗದ ಹಾಗೆ ಮಾಡುವ ಒಂದು ಚಿಕ್ಕ ಪ್ರೋಗ್ರಾಮ್ ಬರೆದಳು. ಮೂರು ತುಂಡು ಮೆಮೊರಿಯಲ್ಲಿ ಮೊದಲನೆಯದನ್ನು ತಡೆದಳು, ಪಂಪು ಸರಿಯಾಗಿಯೇ ನಿಂತು ಅಲಾರಂ ಹೊಡೆಯಿತು. ಎರಡನೆಯದು ತಡೆದಾಗಲೂ ಹಾಗೇ ಆಯಿತು.

ಮೂರನೆಯದನ್ನು ತಡೆದಳು. ಸ್ಕ್ರೀನ್ ಹಾಗೇ ಹೆಪ್ಪುಗಟ್ಟಿತು. ಅಲಾರಂ ಇಲ್ಲ. ಸ್ಟಾಪ್ ಬಟನ್ ಒತ್ತಿದರೆ ಕೆಲಸ ಮಾಡಲಿಲ್ಲ. ಮೋಟಾರ್ ಮಾತ್ರ ತಿರುಗುತ್ತಲೇ ಇತ್ತು. ನೀರು ಲೋಟ ತುಂಬಿ, ಟೇಬಲ್ ಮೇಲೆ ಹರಿದು, ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಅವಳು ವೈರ್ ಕಿತ್ತಳು.

ಒದ್ದೆ ಕಾಲಲ್ಲೇ ವಿಶ್ವನಾಥರ ರೂಮಿಗೆ ನುಗ್ಗಿದಳು. ಮೊದಲು ಆಸ್ಪತ್ರೆಯವರು ನೋಡಿಕೊಂಡು ಹೋಗಲಿ, ಆಮೇಲೆ ಸರಿ ಮಾಡಿದರಾಯಿತು ಎಂದರು ಅವರು. ವೇಣುಗೋಪಾಲ್ ಹೇಳಿದ್ದೇ ಸರಿ ಇತ್ತು ಎಂದಳು ಅವಳು.

"ನೀನೂ ಅವನ ಹಾಗೇ ಶುರು ಮಾಡ್ಬೇಡಮ್ಮ. ಧನುಶ್ರೀಗೆ ಇನ್ನೊಂದು ವಾರ ಕೊಡಿ, ಅವಳಷ್ಟು ಚೆನ್ನಾಗಿ ಇದನ್ನ ಬೇರೆ ಯಾರೂ ಬರಿಯಲ್ಲ ಅಂತ ದಿನಾ ನನ್ನ ತಲೆ ತಿಂತಿದ್ದ."

ತಾನು ಏನು ಬಾಯಿಬಿಟ್ಟೆ ಎಂದು ಅವರಿಗೆ ತಡವಾಗಿ ಹೊಳೆಯಿತು.

ಧನುಶ್ರೀ ಕೂಗಾಡಲಿಲ್ಲ. ತನ್ನ ಸೀಟಿಗೆ ಬಂದು ಕೋಡನ್ನು ವಾಪಸ್ ತೆಗೆದಳು. ಪಂಪು ಹೇಗೆ ಕೈಕೊಟ್ಟಿತು ಎಂದು ವಿವರವಾಗಿ ಬರೆದು, ಇದನ್ನು ಯಾವ ವಾರ್ಡಿಗೂ ಕಳಿಸಬಾರದು ಎಂದು ಕಂಪನಿಯ ಮಾಲೀಕರಿಂದ ಹಿಡಿದು ಎಲ್ಲರಿಗೂ ಮೇಲ್ ಹಾಕಿದಳು. ಕೆಲಸ ಹೋದರೆ ಹೋಗಲಿ. ಸ್ಕೂಟರ್ ಕೀ ತೆಗೆದುಕೊಂಡಳು.

ಗಂಗಮ್ಮ ಸರ್ಕಲ್, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಯ ಲಾರಿಗಳು. ಪ್ರತಿ ಸಿಗ್ನಲ್ಲಿನಲ್ಲೂ ತನ್ನನ್ನೇ ಬೈದುಕೊಂಡಳು.

ನಾಗಸಂದ್ರದಲ್ಲಿ ಬಾಗಿಲು ತೆಗೆದದ್ದು ವೇಣುಗೋಪಾಲನ ತಾಯಿ ಯಶೋಧಾ. ಹೆಸರು ಹೇಳಿದ ಕೂಡಲೇ ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓ, ನೀನೇನಾ. ಊಟಕ್ಕೆ ಕೂತ್ರೆ ನಿನ್ನದೇ ಮಾತು, ತಲೆನೋವಾಗೋಗಿತ್ತು ನಂಗೆ. ನೆನ್ನೆಯಿಂದ ನಿನ್ನ ಹೆಸರೇ ಎತ್ತಿಲ್ಲ, ಊಟಾನೂ ಮಾಡ್ತಿಲ್ಲ. ಏನ್ ಮಾಡ್ದೆ ನನ್ನ ಮಗನ್ನ?"

ವೇಣುಗೋಪಾಲ್ ಒಳಗಿನಿಂದ ಬಂದ. ಅವಳು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿ, ತಪ್ಪಾಯಿತು ಎಂದಳು. ಅವನ ಮುಖ ಸಡಿಲವಾಗಲಿಲ್ಲ.

"ಕೋಡ್ ತಪ್ಪಾದ್ರೆ ಸರಿ ಮಾಡ್ಬಹುದು. ಆದ್ರೆ ನನ್ನನ್ನ ಒಂದು ಮಾತು ಕೇಳಬಹುದಿತ್ತು ನೀವು. ಪಕ್ಕದಲ್ಲೇ ನಿಂತಿದ್ದೆ."

ಅವಳು ಯಶೋಧಾ ತಂದ ಮಜ್ಜಿಗೆ ಕುಡಿದು ಎದ್ದಳು.

ಆಸ್ಪತ್ರೆಯವರ ಭೇಟಿಯನ್ನು ಮಾಲೀಕರು ಮುಂದೂಡಿದರು. ವಿಶ್ವನಾಥರನ್ನು ಬೇರೆ ಕೆಲಸಕ್ಕೆ ಹಾಕಿ ವೇಣುಗೋಪಾಲನನ್ನು ವಾಪಸ್ ಕರೆಸಿದರು. ಅವನು ಬಂದ. ಕೆಲಸಕ್ಕಷ್ಟೇ ಬಂದಿದ್ದೀನಿ ಎಂದು ಅವಳಿಗೆ ಕೇಳುವಂತೆ ಹೇಳಿದ. ಅಕ್ಕಪಕ್ಕ ಕೂತು, ಕೋಡ್ ಬಿಟ್ಟು ಬೇರೇನೂ ಮಾತಾಡದೆ, ಸಾಲು ಸಾಲಾಗಿ ತಿದ್ದಿದರು. ಮೂರನೆಯ ತುಂಡು ಸಿಗದಿದ್ದರೆ ಎರಡನೆಯದು ವಾಪಸ್, ಮೊದಲನೆಯದು ವಾಪಸ್, ಲಾಕ್ ತೆರೆ, ಮೋಟಾರ್ ನಿಲ್ಲಿಸು, ಅಲಾರಂ ಹೊಡಿ. ಆ ಮೌನದ ದಿನಗಳಲ್ಲಿ ಅವನು ಒಮ್ಮೊಮ್ಮೆ ಅವಳ ಕೈಬಳೆಯನ್ನು, ಕುತ್ತಿಗೆಗೆ ಅಂಟಿದ ಕೂದಲನ್ನು ನೋಡಿ ತಟ್ಟನೆ ಕಣ್ಣು ತಿರುಗಿಸುವುದು ಅವಳಿಗೆ ಗೊತ್ತಾಗುತ್ತಿತ್ತು. ಅವಳೂ ಹಾಗೇ ಮಾಡುತ್ತಿದ್ದಳು.

ಕೊನೆಯ ಪರೀಕ್ಷೆಯಲ್ಲಿ ಅಲಾರಂ ಲ್ಯಾಬಿನ ತುಂಬ ಕಿರುಚಿತು. ನೀರು ನಿಂತಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅವನು ಬ್ಯಾಗ್ ಎತ್ತಿಕೊಂಡು ಇಳಿದುಹೋದ.

ಇವಳಿಗೆ ತಡೆಯಲಾಗಲಿಲ್ಲ. ಪಾರ್ಕಿಂಗಿನಲ್ಲಿ ಅವನ ಬೈಕಿಗೆ ಅಡ್ಡ ನಿಂತಳು.

"ಇನ್ನೂ ಎಷ್ಟು ದಿನ ಹಿಂಗೆ ಇರ್ತೀಯ? ಬೈಯೋದಿದ್ರೆ ಬೈದುಬಿಡು. ನೀನು ಮಾತಾಡದೇ ಇದ್ರೆ ನಂಗೆ ಅನ್ನ ಇಳಿಯಲ್ಲ. ನೀನಂದ್ರೆ ನಂಗಿಷ್ಟ. ಅದಕ್ಕೇ ಅವತ್ತು ಅಷ್ಟು ಸಿಟ್ಟು ಬಂದಿದ್ದು, ಬೇರೆ ಯಾರೋ ಹಂಗಂದಿದ್ರೆ ನಾನು ತಲೆನೇ ಕೆಡಿಸ್ಕೊತಿರ್ಲಿಲ್ಲ."

ಅವನು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟ. ಹುಬ್ಬು ಗಂಟಿಕ್ಕಿಯೇ ಇತ್ತು, ಆದರೆ ಕಣ್ಣು ಅವಳ ಮೇಲಿಂದ ಕದಲಲಿಲ್ಲ.

"ನಂಗೂ ಅಷ್ಟೇ. ಮೊದಲ ದಿನದಿಂದಾನೂ. ನಾಳೆನೇ ಅಮ್ಮನ್ನ ಕರ್ಕೊಂಡು ಜಕ್ಕೂರಿಗೆ ಬಂದು ನಿಮ್ಮನೇಲಿ ಕೇಳ್ಬೇಕು ಅಂತಿದೆ. ಆದ್ರೆ ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ ಕಣೇ."

ಅವಳು ಬೈಕಿನ ಹ್ಯಾಂಡಲ್ ಮೇಲಿದ್ದ ಅವನ ಕೈ ಮೇಲೆ ಕೈಯಿಟ್ಟಳು. ಈ ಸಲ ಯಾರೂ ಹಿಂದಕ್ಕೆ ತೆಗೆಯಲಿಲ್ಲ.

"ಕೋಪದಲ್ಲೇ ಬಾ," ಎಂದಳು.