ಅಗ್ನಿಶಾಮಕರ ಚೀಟಿ ಡಬ್ಬಿ

ಇಷ್ಟು ವರ್ಷ ಚೀಟಿ ಮಾರಿದವಳು ಆರ್ಲಿಸ್. ಮ್ಯಾನೇಜರ್ ಆದವನು ಟ್ರೆಂಟ್. ಅಗ್ನಿಶಾಮಕ ದಳದ ಸಮಿತಿಯ ಅಧ್ಯಕ್ಷರು ಅವನ ಸೋದರಮಾವ, ಅದಕ್ಕಿಂತ ದೊಡ್ಡ ಅರ್ಹತೆ ಇನ್ನೇನು ಬೇಕು? ಮಿನೆಸೋಟಾದ ಆ ಪುಟ್ಟ ಊರಿನಲ್ಲಿ ಅಗ್ನಿಶಾಮಕ ದಳಕ್ಕೆ ಹೊಸ ಬಂಡಿ ಕೊಳ್ಳಲೆಂದು ಬಾರಿನ ಮೂಲೆಯಲ್ಲಿ, ಹರಿದು ನೋಡಿದರೆ ಅಲ್ಲೇ ಸೋಲು ಗೆಲುವು ತಿಳಿಯುವ ಜೂಜಿನ ಚೀಟಿ ಮಾರುತ್ತಿದ್ದರು. ಕುಡುಕನಿಗೆ ಪುಣ್ಯ, ದಳಕ್ಕೆ ಬಂಡಿ, ಸರ್ಕಾರಕ್ಕೆ ತೆರಿಗೆ. ಆರ್ಲಿಸ್ ಕೈಗೆ ಮಾತ್ರ ಚಿಪ್ಪು.

ಹೋಗಲಿ, ಅದೃಷ್ಟ ಪರೀಕ್ಷಿಸೋಣವೆಂದರೆ ಅದಕ್ಕೂ ಕಲ್ಲು. ಚೀಟಿ ಮಾರುವವರು ಅಲ್ಲಿ ಆಡುವಂತಿಲ್ಲ ಎಂದು ಕಾನೂನು. ಇಡೀ ಊರು ಕೆರೆಯ ನೀರು ಕುಡಿಯಬಹುದು, ಕಾವಲುಗಾರ ಮಾತ್ರ ಬಾಯಾರಿ ಸಾಯಬೇಕು. ಸಾಲದ್ದಕ್ಕೆ ನವೆಂಬರ್ ಹಿಮ ಬೀಳುವ ಹೊತ್ತಿಗೆ ಅವಳ ಮನೆಯ ಹೀಟರ್ ಕೆಟ್ಟಿತು. ಹೊಸದಕ್ಕೆಂದು ಕೂಡಿಟ್ಟದ್ದು ಅರ್ಧಕ್ಕೂ ಸಾಲದು. ಅಲ್ಲಿಯ ಜನವರಿಯಲ್ಲಿ ಹೀಟರ್ ಇಲ್ಲದ ಮನೆಯಲ್ಲಿ ಮಲಗಿದವರು ಬೆಳಿಗ್ಗೆ ಏಳುವುದು ಅನುಮಾನ.

ಉಪಾಯ ಸರಳವಾಗಿತ್ತು. ಒಂದು ಡಬ್ಬಿಗೆ ಒಂದೇ ದೊಡ್ಡ ಬಹುಮಾನ; ಡಬ್ಬಿಯಲ್ಲಿ ಎಷ್ಟು ಚೀಟಿ ಉಳಿದಿವೆ ಎಂಬುದು ಮಾರುವವಳಿಗಷ್ಟೇ ಗೊತ್ತು. ತಳ ಕಾಣುವ ಹೊತ್ತಿಗೂ ದೊಡ್ಡ ಬಹುಮಾನ ಹೊರಬಿದ್ದಿಲ್ಲವೆಂದರೆ, ಉಳಿದದ್ದನ್ನೆಲ್ಲ ಬಾಚಿದವನಿಗೆ ಅದು ಕಟ್ಟಿಟ್ಟ ಬುತ್ತಿ. ಬಾಚಲು ಒಬ್ಬ ಬೇಕು, ಅಷ್ಟೇ.

ಅವಳು ಆರಿಸಿದ್ದು ಆರಿನ್‌ನನ್ನು. ಚರ್ಚಿನಲ್ಲಿ ಕುರ್ಚಿ ಜೋಡಿಸುವ ಒಂಟಿ ಮುದುಕ, ಯಾರಿಗೂ ಇಲ್ಲವೆಂದವನಲ್ಲ. ಅವನು ಗೆದ್ದರೆ ಊರು ದೇವರು ದೊಡ್ಡವನು ಎಂದೀತೇ ಹೊರತು ಪೊಲೀಸರನ್ನು ಕರೆಯದು. ಅವನನ್ನು ಮನೆಗೆ ಕರೆದು ಕಾಫಿ ಕೊಟ್ಟು ವಿಷಯ ತೆಗೆದಳು.

"ನಾನು ಕಣ್ಣುಜ್ಜಿದ ತಕ್ಷಣ ಬಾ. ಉಳಿದಿದ್ದೆಲ್ಲ ಕೊಡು ಅನ್ನು. ದುಡ್ಡು ನಂದು, ಗೆದ್ರೆ ನಿಂಗೂ ಪಾಲು."

"ಇದು ಸರೀನಾ, ಆರ್ಲಿಸ್?"

"ನೀನು ಚೀಟಿ ತಗೊಂಡ್ರೆ ಯಾವ ಕಾನೂನಿಗೆ ಹೊಟ್ಟೆನೋವು?"

"ಅದೂ ಹೌದು. ಆಗ್ಲಿ ಬಿಡು. ಕಾಫಿ ಬಹಳ ಚೆನ್ನಾಗಿತ್ತು."

ಅನುಮಾನ ಬರಬಾರದೆಂದು ಕೆಲವು ವಾರ ಅವನಿಂದ ಒಂದೆರಡು ಚೀಟಿ ಕೊಳ್ಳಿಸಿ ಸೋಲಿಸಿದಳು. ಸೋಲುವುದರಲ್ಲಿ ಆರಿನ್ ಪಳಗಿದ ಕೈ. ಇಷ್ಟು ಅಚ್ಚುಕಟ್ಟಾಗಿ ಸಮಿತಿಯೇನಾದರೂ ಕೆಲಸ ಮಾಡಿದ್ದರೆ ಬಂಡಿ ಎಂದೋ ಬಂದಿರುತ್ತಿತ್ತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಆ ಶುಕ್ರವಾರ ಬಾರಿನ ತುಂಬ ಕರಿದ ಮೀನಿನ ವಾಸನೆ. ಪಕ್ಕದ ಮೇಜಿನಲ್ಲೇ ಟ್ರೆಂಟ್ ತಟ್ಟೆ ಖಾಲಿ ಮಾಡುತ್ತಿದ್ದ. ಡಬ್ಬಿಯ ತಳ ಕಂಡಿತು, ಬಹುಮಾನ ಇನ್ನೂ ಒಳಗೇ ಇತ್ತು. ಆರ್ಲಿಸ್ ಕಣ್ಣುಜ್ಜಿದಳು. ಹೀಟರಿನ ಹಣ ಹಿಡಿದು ಆರಿನ್ ಬಂದ.

"ಉಳಿದಿದ್ದೆಲ್ಲ ಕೊಡು."

ಅವಳು ಚೀಟಿಗಳನ್ನು ತೆಗೆದಿಡತೊಡಗಿದಳು. ಜನ ಕತ್ತು ಚಾಚಿ ನೋಡಿದರು. ಆರಿನ್‌ನ ಕಿವಿ ಕೆಂಪಾಯಿತು. ಡಬ್ಬಿಯಲ್ಲಿ ಒಂದೇ ಒಂದು ಉಳಿದಾಗ ಅವನು ಕೈ ಅಡ್ಡ ಇಟ್ಟ.

"ಸಾಕು ಸಾಕು. ಅದೊಂದು ಇರ್ಲಿ."

"ಎಲ್ಲಾ ಅಂದ್ಯಲ್ಲ? ಇದನ್ನೂ ತಗೋ."

"ಛೆ ಛೆ, ಬೇರೆ ಯಾರಿಗಾದ್ರೂ ಆಗುತ್ತೆ."

"ತಗೊಳ್ಳೋ ಮಾರಾಯಾ!"

ಟ್ರೆಂಟ್ ತಲೆ ಎತ್ತಿದ. "ಆರ್ಲಿಸ್, ಗಿರಾಕೀನ ಒತ್ತಾಯ ಮಾಡೋ ಹಾಗಿಲ್ಲ. ಗೊತ್ತಲ್ಲ?"

ಆರಿನ್ ತನ್ನ ರಾಶಿಯನ್ನೆಲ್ಲ ಹರಿದು ನೋಡಿದ, ಒಂದರಲ್ಲೂ ಬಹುಮಾನವಿಲ್ಲ. ಎಲ್ಲವನ್ನೂ ಯೋಚಿಸಿದ್ದ ಆರ್ಲಿಸ್ ಒಂದನ್ನು ಮರೆತಿದ್ದಳು: ಆ ಸೀಮೆಯಲ್ಲಿ ಹುಟ್ಟಿ ಬೆಳೆದವರು ತಟ್ಟೆಯಲ್ಲಿ ಉಳಿದ ಕೊನೆಯ ತುಂಡಿಗೆ ಕೈ ಹಾಕುವುದಿಲ್ಲ. ಕೇಕನ್ನು ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಅರ್ಧ ಮಾಡುತ್ತಾರೆ, ಹಸಿದು ಸತ್ತರೂ ಕೊನೆಯ ಚೂರು ಮುಟ್ಟರು. ತಟ್ಟೆಗೆ ಸಲ್ಲುವ ಮರ್ಯಾದೆ ಡಬ್ಬಿಗೂ ಸಲ್ಲಬೇಕಲ್ಲವೇ? ಕಾನೂನಿಗೆ ಹೆದರಿ ಅವಳು, ಮರ್ಯಾದೆಗೆ ಹೆದರಿ ಊರವರು, ಒಟ್ಟಿನಲ್ಲಿ ಎಲ್ಲರೂ ಆ ಒಂದು ಚೀಟಿಯನ್ನು ನೋಡುತ್ತ ನಿಂತರು. ಷಿಕಾಗೋದಿಂದ ಮೀನು ಹಿಡಿಯಲು ಬಂದಿದ್ದವನೊಬ್ಬ, ಪಾಪ, ಅಂಥ ಸಂಸ್ಕಾರವಿಲ್ಲದವನು, "ಇದು ಯಾರಿಗೂ ಬೇಡ್ವಾ?" ಎಂದು ದುಡ್ಡು ಬಿಸಾಕಿ ಚೀಟಿ ಹರಿದ. ಬಾರು ಹೋ ಎಂದು ಕೂಗಿತು. ಬಹುಮಾನದ ನೋಟುಗಳನ್ನು ನಗುಮುಖದಿಂದ ಅವನ ಕೈಗೆ ಎಣಿಸಿಕೊಡುವುದು ಚೀಟಿ ಮಾರುವವಳ ಕೆಲಸವೇ ಆಗಿತ್ತು.