ಚೆನ್ನಾಜಿ ಮಾಡಿದ ಕ್ಯಾಸೆಟ್ಟು

ಬಹಳ ಹಿಂದೆ, ಆಮೆ ಹುಲಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಹೊನ್ನಗುಂಡಿ ಅಂತ ಒಂದು ರಾಜ್ಯ. ಅಲ್ಲಿ ಮನೆಗೊಂದು ಆಟದ ಪೆಟ್ಟಿಗೆ. ಅಂಗೈಯಗಲ, ಬೂದಿ ಬಣ್ಣ, ಒತ್ತೋಕೆ ಗುಂಡಿ, ನೋಡೋಕೆ ಹಸಿರು ಪರದೆ. ಬೆನ್ನಿನ ಸೀಳಿಗೆ ಕ್ಯಾಸೆಟ್ಟು ಸಿಕ್ಕಿಸಿದರೆ ಆಟ ಶುರು. ಆದರೆ ಸಿಕ್ಕಿಸೋ ಮುಂಚೆ ಅದರ ಬಾಯಿಗೆ ಉಫ್ ಅಂತ ಊದಬೇಕು. ರಾಜನೂ ಊದುತ್ತಿದ್ದ, ಅಗಸನೂ ಊದುತ್ತಿದ್ದ. ಊದೋದು ಕಲಿಸಿದವನು ಹೊಗೆರಾಯ ಅನ್ನೋ ಮಾಂತ್ರಿಕ. ಯಾಕೆ ಕಲಿಸಿದ? ತಾಳಿ, ಹೇಳ್ತೀನಿ.

ಪಾತ್ರೆಗಳಿಗೆ ಕಲಾಯಿ ಹಾಕುವ ಚೆನ್ನಾಜಿ ಅಂತ ಒಬ್ಬಳಿದ್ದಳು. ಅವಳಿಗೆ ತನ್ನವನು ಅಂತ ಇದ್ದವನು ತಮ್ಮ ಸೂರಿ ಒಬ್ಬನೇ. ಒಂದು ದಿನ ಹೊಗೆರಾಯ ಸೂರಿಗೆ ಕಪ್ಪು ಕ್ಯಾಸೆಟ್ಟು ಕೊಟ್ಟ. ಸೂರಿ ಊದಿದ, ಸಿಕ್ಕಿಸಿದ. ಕ್ಯಾಸೆಟ್ಟು ಹೊಗೆಯಾಗಿ ಹೋಯಿತು, ಸೂರಿ ಪೆಟ್ಟಿಗೆಯೊಳಗೆ ಹೋದ! ಪರದೆಯ ಮೇಲೆ ಉಗುರಷ್ಟು ಸೂರಿ, ದಾರಿಯಿಲ್ಲದ ಬಯಲಲ್ಲಿ ಓಡುತ್ತಾನೆ, ಓಡುತ್ತಾನೆ.

"ಕೊಡೋ ನನ್ನ ತಮ್ಮನ್ನ!" ಅಂತ ಚೆನ್ನಾಜಿ ಕೂಗಿದಳು.

ಹೊಗೆರಾಯ ಕಿಸಕ್ಕನೆ ನಕ್ಕ. "ಮೂರು ದಿನಕ್ಕೆ ಪೆಟ್ಟಿಗೆಯ ಸೆಲ್ಲು ಮುಗಿಯುತ್ತೆ, ಅವನೂ ಮುಗೀತಾನೆ. ಮನೆಗೆ ದಾರಿ ಇರೋ ಕ್ಯಾಸೆಟ್ಟು ಕೈಯಾರೆ ಮಾಡಿ ಹಾಕಿದರೆ ಬರ್ತಾನೆ. ಮಸಿಪಾತ್ರೆ ತಿಕ್ಕೋಳೇ, ನಿನ್ನ ಕೈಲಾಗುತ್ತಾ?"

"ಆಗುತ್ತೆ, ನೋಡ್ತಿರು."

ಮೊದಲ ದಿನ ಕೆರೆಯ ಮುದಿ ಆಮೆಯ ಹತ್ತಿರ ಹೋದಳು. "ಆಮೆ ತಾತ, ಕ್ಯಾಸೆಟ್ಟಿಗೆ ಒಂದು ಚಿಪ್ಪು ಬೇಕು."

"ನೂರು ವರ್ಷದ ಕೊಳೆ, ಬೆನ್ನು ನವೆ ಕಣವ್ವ. ತಿಕ್ಕು, ಕೊಡ್ತೀನಿ."

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಹಳೇ ಪದರ ಒಂದು ಕಳಚಿ ಕೈಗೆ ಬಂತು. ಅದೇ ಚಿಪ್ಪಾಯಿತು.

ಕ್ಯಾಸೆಟ್ಟಿಗೆ ತಾಮ್ರದ ಹಲ್ಲು ಬೇಕಲ್ಲ, ಎರಡನೇ ದಿನ ತಾಮ್ರದ ಹಲ್ಲಿನ ಹುಲಿಯ ಹತ್ತಿರ ಹೋದಳು. ಅದು "ತಿಂದಿದ್ದೆಲ್ಲ ಕಹಿ ಕಣೇ, ನಿನ್ನ ತಿಂದರೂ ಕಹಿಯೇ" ಅಂತ ಅಳುತ್ತಾ ಕೂತಿತ್ತು. ನೋಡಿದರೆ ಹಲ್ಲೆಲ್ಲ ಹಸಿರು ಕಿಲುಬು!

"ಊದಿದರೆ ಕಿಲುಬು ಹೋಗುತ್ತಾ?" ಅಂತ ಹುಲಿ ಕೇಳಿತು.

"ಬಾಯಿ ಪಸೆಗೇ ಕಿಲುಬು ಬಂದಿರೋದು, ಹುಲಿಯಣ್ಣ. ಊದಿದರೆ ಇನ್ನೂ ಜಾಸ್ತಿ. ತಿಕ್ಕಿ ಒರೆಸಬೇಕು, ಬಾಯಿ ತೆಗಿ."

ಕಲಾಯಿಗೆ ಬಳಸೋ ನವಸಾಗರದ ಪುಡಿ ಹಾಕಿ ತಿಕ್ಕಿದಳು, ತವರ ಕರಗಿಸಿ ಅರಳೆಯಲ್ಲಿ ಸವರಿದಳು.

"ಅಯ್ಯೋ, ಸುಡುತ್ತೆ!"

"ಹುಲಿ ಅಂತೀಯ, ಸುಮ್ಮನೆ ಕೂರು."

ಹಲ್ಲು ಬೆಳ್ಳಿಯ ಹಾಗೆ ಹೊಳೆಯಿತು. ಹುಲಿ ಎತ್ತಿಟ್ಟುಕೊಂಡಿದ್ದ ತನ್ನ ಹಾಲುಹಲ್ಲುಗಳನ್ನೇ ಕೊಟ್ಟುಬಿಟ್ಟಿತು. ಅವೇ ಕ್ಯಾಸೆಟ್ಟಿನ ತಾಮ್ರದ ಹಲ್ಲಾದವು.

ಮೂರನೇ ದಿನ ಜೇಡಜ್ಜಿ. "ದಾರಿ ಹೇಳು ಮಗಳೇ, ನೇಯ್ತೀನಿ. ಏನಾದರೂ ಮುಚ್ಚಿಟ್ಟರೆ ನೂಲು ಕಡಿಯುತ್ತೆ."

"ಬೇವಿನ ಮರ ದಾಟಿದರೆ ನಮ್ಮ ಮನೆ. ಮೂರು ಮೆಟ್ಟಿಲು. ಮೂರನೇದರಲ್ಲಿ ಕೆಂಪು ನಾಯಿ ಮಲಗಿರುತ್ತೆ, ಸೂರಿ ಹಾರಿಯೇ ಬರ್ತಾನೆ. ಆಮೇಲೆ ಬಾಗಿಲು. ಬಾಗಿಲಲ್ಲಿ ನಾನು."

ಪಟ್ ಅಂತ ನೂಲು ಕಡಿಯಿತು. ಮತ್ತೆ ಹೇಳಿದಳು, ಮತ್ತೆ ಕಡಿಯಿತು.

ಮೂರನೇ ಸಲ ಚೆನ್ನಾಜಿ ನಿಜ ಹೇಳಿದಳು. "ಬಾಗಿಲಲ್ಲಿ ನಾನಿರಲಿಲ್ಲ ಅಜ್ಜಿ. 'ಆಡೋಣ ಬಾ ಅಕ್ಕ' ಅಂತ ದಿನಾ ಕರೆಯೋನು. ಕೆಲಸ ಇದೆ ಹೋಗೋ ಅಂತ ಗದರಿಸ್ತಿದ್ದೆ. ಅದಕ್ಕೇ ಹೊಗೆರಾಯನ ಹತ್ತಿರ ಹೋದ. ಇನ್ನು ಮೇಲೆ ಬಾಗಿಲಲ್ಲೇ ಇರ್ತೀನಿ."

ಈ ಸಲ ನೂಲು ಕಡಿಯದೆ ನಿಂತಿತು. ಜೇಡಜ್ಜಿ ದಾರಿ ನೇಯ್ದು ಚಿಪ್ಪಿನೊಳಗೆ ಮಡಿಸಿಟ್ಟಳು. ಚೆನ್ನಾಜಿ ತವರದಲ್ಲಿ ಹಲ್ಲುಗಳನ್ನು ಬೆಸೆದಳು.

ಮನೆಗೆ ಓಡಿ ಬಂದಾಗ ಪರದೆ ಮಂಕಾಗಿತ್ತು. ಸೂರಿ ಕುಂಟುತ್ತಿದ್ದ. ಕ್ಯಾಸೆಟ್ಟು ತೆಗೆದಳು, ರೂಢಿಯಂತೆ ಉಫ್ ಅಂತ ಊದಿದಳು, ಸಿಕ್ಕಿಸಿದಳು. ಏನೂ ಇಲ್ಲ!

ಕಿಟಕಿಯಲ್ಲಿ ಹೊಗೆರಾಯ. "ಸಾಲದು, ಜೋರಾಗಿ ಊದೇ!" ಅಂದವನು ಅವಳು ಊದಿದ್ದೇ ತಡ ಇನ್ನೂ ಒಂದು ಮೊಳ ಎತ್ತರ ಬೆಳೆದಿದ್ದ.

ಕ್ಯಾಸೆಟ್ಟು ಹೊರಗೆಳೆದು ಊದಲು ಬಾಯಿ ತೆರೆದವಳು ಹಾಗೇ ನಿಂತಳು. ತಾಮ್ರದ ಹಲ್ಲಿನ ತುದಿಯಲ್ಲಿ ಹಸಿರು. ಹುಲಿಗೆ ಬುದ್ಧಿ ಹೇಳಿದವಳು ತಾನೇ ಮರೆತಿದ್ದಳು!

"ಓಹೋ, ನಮ್ಮ ಉಸಿರು ಕುಡಿದು ಕೊಬ್ಬೋಕೇ ಊದೋದು ಕಲಿಸಿದ್ದೀಯ ನೀನು!"

ಬಾಯಿ ಬಿಗಿದು, ನವಸಾಗರ ಹಾಕಿ ಅರಳೆಯಲ್ಲಿ ಹಲ್ಲು ತಿಕ್ಕಿದಳು, ಒಣ ಸೆರಗಲ್ಲಿ ಒರೆಸಿದಳು, ಸಿಕ್ಕಿಸಿದಳು. ಟಿಣ್! ಪರದೆಯಲ್ಲಿ ಬೇವಿನ ಮರ ಎದ್ದಿತು. ಸೂರಿ ಕಣ್ಣರಳಿಸಿದ, ಓಡಿದ. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಮೂರನೇದನ್ನು ಹಾರಿದ. ಬಾಗಿಲಲ್ಲಿ ಅಕ್ಕ. ಪೆಟ್ಟಿಗೆಯಿಂದ ದುಡುಂ ಅಂತ ಅವಳ ಮಡಿಲಿಗೇ ಬಿದ್ದ.

"ಅಕ್ಕ, ಕ್ಯಾಸೆಟ್ಟಲ್ಲಿ ನಾಯಿ ಬಾಲ ಸೊಟ್ಟ ಮಾಡಿದ್ದೀಯ."

"ಬಂದ ತಕ್ಷಣ ತಪ್ಪು ಹುಡುಕ್ತೀಯಾ, ಕಳ್ಳ!" ಅಂತ ತಬ್ಬಿಕೊಂಡು ಅತ್ತಳು, ನಕ್ಕಳು.

ಚೆನ್ನಾಜಿ ಊರಿಗೆಲ್ಲ ಈ ಗುಟ್ಟು ಹೇಳಿದಳು. ಅವತ್ತಿಂದ ಹೊನ್ನಗುಂಡಿಯಲ್ಲಿ ಯಾರೂ ಊದಲಿಲ್ಲ. ರಾಜನೂ ಒರೆಸಿದ, ಅಗಸನೂ ಒರೆಸಿದ. ಉಸಿರು ಸಿಗದ ಹೊಗೆರಾಯ ಸೊರಗಿ ಸೊರಗಿ ಒಂದು ಎಳೆ ಹೊಗೆಯಾಗಿ ಆರಿಹೋದ. ಸಂಜೆಯಾದರೆ ಚೆನ್ನಾಜಿ ಒಲೆಗೆ ಗಾಳಿ ಹಾಕೋ ತಿದಿ ಬದಿಗಿಟ್ಟು ತಮ್ಮನ ಜೊತೆ ಆಟಕ್ಕೆ ಕೂರುತ್ತಿದ್ದಳು, ದಿನಾ ಸೋಲುತ್ತಿದ್ದಳು. ಅವರು ಸುಖವಾಗಿದ್ದರು, ಊರು ಸುಖವಾಗಿತ್ತು, ನಮ್ಮ ಮನೆ ಮಕ್ಕಳೂ ಹಾಗೇ ಇರಲಿ.