ಫ್ರಾನ್ಸಿಗೆ ಹೋಗದ ಪಾಸ್‌ಪೋರ್ಟ್

"ಆಪಾ, ನನ್ನ ಪಾಸ್‌ಪೋರ್ಟ್ ಕಾಣ್ತಿಲ್ಲ!"

ಮಲಿಕಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ರುಮಾನಾ ಮೊಣಕೈಗೆ ಐಸ್ ಒತ್ತಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಹನ್ನೆರಡೂವರೆಗೆ ಕಾಲೇಜಿನಿಂದ ಬಂದವಳು ಇಡೀ ಮನೆಗೆ ಒಂದೇ ಇದ್ದ ಮಾಳಿಗೆಯ ಬಾತ್‌ರೂಮಿನ ಒದ್ದೆ ನೆಲದಲ್ಲಿ ಜಾರಿ ಬಿದ್ದಿದ್ದಳು. ಎದುರಿಗೆ ಅವಳ ರೂಮ್‌ಮೇಟ್ ಜುವೇರಿಯಾ ಚಹಾ ಕುಡಿಯುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಆದರೆ ಬ್ಲಾಂಚರ್ಡ್ಸ್‌ಟೌನ್‌ನ ಆ ನಾಲ್ಕು ಬೀದಿಗಳಲ್ಲಿ ಏನು ಕಳೆದರೂ ಜನ ಗಾರ್ಡಾ ಪೊಲೀಸರಿಗೆ ಹೇಳುವ ಮೊದಲು ಅವಳಿಗೆ ಹೇಳುತ್ತಿದ್ದರು.

"ಕೂತ್ಕೋ. ಮೊದಲಿಂದ ಹೇಳು," ಎಂದಳು ಜುವೇರಿಯಾ.

ಮಲಿಕಾ ಮತ್ತು ಅವಳ ಗಂಡ ರಿಜ್ವಾನ್ ಆ ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿದ್ದರು. ಆರು ವರ್ಷ ದುಡಿದ ಮೇಲೆ ಮೊದಲ ರಜೆ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಲ್ಲಿನ ವಿಲ್ಲಾ, ನೀಲಿ ಕಿಟಕಿ, ಅಂಗಳದಲ್ಲಿ ವಾಲ್‌ನಟ್ ಮರ. ಆ ಚಿತ್ರವನ್ನು ಫ್ರಿಡ್ಜಿಗೆ ಅಂಟಿಸಿ, ಯಾರಿಗೆ ಯಾವ ಕೋಣೆ ಎಂದೂ ಮಲಿಕಾ ಬರೆದಿಟ್ಟಿದ್ದಳು. ವೀಸಾ ಅಪಾಯಿಂಟ್‌ಮೆಂಟ್ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಅದು ತಪ್ಪಿದರೆ ಮುಂದಿನದು ಸೆಪ್ಟೆಂಬರಿನಲ್ಲಿ. ವಿಲ್ಲಾ ಇದ್ದದ್ದು ಜುಲೈಗೆ.

"ಬೆಳಿಗ್ಗೆ ಫೈಲಲ್ಲಿ ಎಲ್ಲಾ ಇತ್ತು. ಇವರ ಆಫೀಸ್ ಲೆಟರ್ ಒಂದು ಬಾಕಿ, ಅದನ್ನ ನಾಳೆ ಕೊಡ್ತಾರಂತೆ, ಮೂರು ವಾರದಿಂದ ನಾಳೆ ನಾಳೆ ಅಂತಾವ್ರೆ. ಎಂಟೂವರೆಗೆ ಇವರು ನನ್ನನ್ನ ಶಾಪಿಂಗ್ ಸೆಂಟರ್ ಹತ್ರ ಇಳಿಸಿ ಲೀಕ್ಸ್‌ಲಿಪ್‌ನ ಆಫೀಸಿಗೆ ಹೋದ್ರು. ಅಂಗಡಿ ಕೆಲಸ ಮುಗಿಸಿ ಮೂರಕ್ಕೆ ಬಂದು ನೋಡ್ತೀನಿ, ನನ್ನ ಪಾಸ್‌ಪೋರ್ಟ್ ಒಂದೇ ಇಲ್ಲ! ಇಡೀ ಮನೆ ಜಾಲಾಡ್ದೆ, ಆಪಾ."

"ಬೀಗ?"

"ಒಡೆದಿಲ್ಲ. ಬೀಗದಕೈ ಇರೋದು ನಮ್ಮಿಬ್ಬರ ಹತ್ರ, ನಿಮ್ಮಿಬ್ಬರ ಹತ್ರ, ಆಮೇಲೆ ನಿಸರ್ಗಾ ಹತ್ರ. ಹನ್ನೊಂದಕ್ಕೆ ಅವಳು ಪ್ರಿಂಟ್ ತಗೊಳ್ಳೋಕೆ ಬಂದಿದ್ಲು."

ನಿಸರ್ಗಾ ಪಕ್ಕದ ಬೀದಿಯ ಗೆಳತಿ. ಅವಳ ಸಂಸಾರವೂ ವಿಲ್ಲಾಕ್ಕೆ ಬರುವುದಿತ್ತು. ಆದರೆ ಹಳ್ಳಿ ಬೇಡ, ಸ್ಪೇನಿನ ಸಮುದ್ರವೇ ಬೇಕು ಎಂದು ತಿಂಗಳಿಡೀ ಜಗಳವಾಡಿದ್ದಳು. ಕಳ್ಳಿ ಸಿಕ್ಕಳು ಎಂದು ರುಮಾನಾ ಮನಸ್ಸಿನಲ್ಲೇ ಷರಾ ಬರೆದುಬಿಟ್ಟಳು.

ಜುವೇರಿಯಾ ಮಾತ್ರ ಅವಳ ಮೊಣಕೈ ನೋಡುತ್ತಿದ್ದಳು. "ನೀನು ಬಿದ್ದಾಗ ನೀರು ಎಲ್ಲಿತ್ತು?"

"ಸಿಂಕ್ ಕೆಳಗೆ. ರಿಜ್ವಾನ್ ಭಾಯ್ ನಮಾಜಿನ ವುಜೂಗೆ ಕಾಲು ಎತ್ತಿ ಸಿಂಕಲ್ಲೇ ತೊಳೀತಾರಲ್ಲ, ದಿನಾ ಮಲಿಕಾ ಆಪಾ ಬೈತಾರಲ್ಲ, ಹಾಗೇ ಕೆರೆ ಮಾಡಿಟ್ಟಿದ್ರು."

ಜುವೇರಿಯಾ ಚಹಾದ ಲೋಟವನ್ನು ಕೆಳಗಿಟ್ಟಳು. ಉಳಿದ ಚಹಾ ಕುಡಿಯಲಿಲ್ಲ.

ಆರು ಗಂಟೆಗೆ ಎಲ್ಲರೂ ಕೆಳಮನೆಯ ಹಾಲ್‌ನಲ್ಲಿ ಸೇರಿದರು. ರಿಜ್ವಾನ್ ಕೊರಳಿನ ಆಫೀಸ್ ಬ್ಯಾಡ್ಜ್ ತೆಗೆಯದೆಯೇ ಕುಳಿತಿದ್ದ. ನಿಸರ್ಗಾಳ ಕಣ್ಣು ತುಂಬಿತ್ತು. "ನಾನು ಫೈಲ್ ಮುಟ್ಟೇ ಇಲ್ಲ ಕಣೇ. ಪ್ರಿಂಟ್ ತಗೊಂಡೆ, ಕಾಲು ಗಂಟೇಲಿ ಹೋದೆ."

"ಗೊತ್ತು," ಎಂದು ಜುವೇರಿಯಾ ಮಾಳಿಗೆಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಒದ್ದೆ ಮುಖ, ಒದ್ದೆ ತೋಳುಗಳಲ್ಲಿ ಇಳಿದುಬಂದಳು.

"ಹನ್ನೆರಡೂವರೆಗೆ ಬಾತ್‌ರೂಮಲ್ಲಿ ನೀರು ಆರಿರಲಿಲ್ಲ. ಬೆಳಿಗ್ಗೆ ಚೆಲ್ಲಿದ್ದಾದ್ರೆ ಆರಿರ್ತಿತ್ತು. ಅಷ್ಟು ಹೊತ್ತಿಗೆ ನಾನು ಲ್ಯಾಬಲ್ಲಿದ್ದೆ, ಮಲಿಕಾ ಅಂಗಡೀಲಿದ್ಲು, ನಿಸರ್ಗಾ ಹೋಗಿ ಗಂಟೆ ದಾಟಿತ್ತು. ಸಿಂಕಿಗೆ ಕಾಲೆತ್ತಿ ವುಜೂ ಮಾಡೋರು ಈ ಮನೇಲಿ ಒಬ್ಬರೇ. ಆದ್ರೆ ಇಲ್ಲಿ ಬೇಸಿಗೇಲಿ ಮಧ್ಯಾಹ್ನದ ನಮಾಜು ಒಂದೂವರೆ ಮೇಲೆ. ಮತ್ತೆ ಆ ಹೊತ್ತಲ್ಲಿ ವುಜೂ ಯಾತಕ್ಕೆ? ನಮಾಜು ಬಿಟ್ರೆ, ವುಜೂ ಮಾಡಿ ಮುಟ್ಟೋದು ಇನ್ನೊಂದೇ. ಮಲಿಕಾ, ಇಡೀ ಮನೆ ಜಾಲಾಡ್ದೆ ಅಂದ್ಯಲ್ಲ, ಯಾವ ಜಾಗ ಬಿಟ್ಟೆ?"

ಮಲಿಕಾ ನಿಧಾನವಾಗಿ ಕತ್ತೆತ್ತಿದಳು. ಅಲಮಾರಿಯ ಅತಿ ಮೇಲಿನ ಹಲಗೆಯಲ್ಲಿ, ಹಸಿರು ಬಟ್ಟೆಯಲ್ಲಿ ಸುತ್ತಿದ ಕುರ್‌ಆನ್ ಇತ್ತು. ಆಗಲೇ ವುಜೂ ಮಾಡಿ ಬಂದಿದ್ದ ಜುವೇರಿಯಾ ಅದನ್ನು ಎರಡೂ ಕೈಯಲ್ಲಿ ಇಳಿಸಿ ಗಂಟು ಬಿಚ್ಚಿದಳು. ಬಟ್ಟೆಯ ಮಡಿಕೆಯಲ್ಲಿ ಪಾಸ್‌ಪೋರ್ಟ್ ಇತ್ತು.

"ಆಫೀಸ್ ಲೆಟರ್ ಬರೋದೇ ಇಲ್ಲ, ಅಲ್ವಾ ರಿಜ್ವಾನ್?"

ರಿಜ್ವಾನ್ ತಲೆಯೆತ್ತಲಿಲ್ಲ. "ಕೆಲಸ ಹೋಗಿ ಮೂರು ವಾರ ಆಯ್ತು. ಲೆಟರ್ ಇಲ್ದೆ ನಾಳೆ ಕೌಂಟರಲ್ಲಿ ಎಲ್ಲಾ ಬಯಲಾಗ್ತಿತ್ತು. ಅಷ್ಟರಲ್ಲಿ ಬೇರೆ ಕೆಲಸ ಸಿಗುತ್ತೆ ಅಂದ್ಕೊಂಡೆ. ಮೂವತ್ತು ಕಡೆ ಹಾಕ್ದೆ. ಸಿಗಲಿಲ್ಲ. ಇನ್ನು ವರ್ಕ್ ಪರ್ಮಿಟ್ಟೂ ಉಳಿಯಲ್ಲ."

"ನಂದೇ ಯಾಕೆ ತಗೊಂಡ್ರಿ?"

"ನಂದು ಕಳೆದ್ರೆ ನೀನು ನನ್ನೇ ಕೇಳ್ತಿದ್ದೆ. ಬಿಸಾಕೋಣ ಅಂತ ಕಾಲುವೆ ತನಕ ಒಯ್ದೆ, ಆಗಲಿಲ್ಲ. ಊರಿಗೆ ವಾಪಸ್ ಹೋಗೋಕಾದ್ರೂ ಬೇಕಲ್ಲ."

ಜುವೇರಿಯಾ ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದಳು. ಗೆದ್ದ ಕಳೆ ಅವಳ ಮುಖದಲ್ಲಿರಲಿಲ್ಲ. ತಾನು ಜಾರದೇ ಇದ್ದಿದ್ದರೆ, ಜಾರಿದರೂ ಬಾಯಿ ಮುಚ್ಚಿಕೊಂಡಿದ್ದರೆ ಎಂದು ರುಮಾನಾಳಿಗೆ ಸಂಕಟವಾಯಿತು. ಇನ್ನೊಂದು ರಾತ್ರಿಯಾದರೂ ಆ ವಿಲ್ಲಾ ಮಲಿಕಾಳದ್ದಾಗಿರುತ್ತಿತ್ತು.

ಮಲಿಕಾ ಅಡುಗೆಮನೆಗೆ ಹೋಗಿ ಫ್ರಿಡ್ಜಿನ ಚಿತ್ರವನ್ನು ಹರಿಯದಂತೆ ಬಿಡಿಸಿ ತಂದು, ಪಾಸ್‌ಪೋರ್ಟಿನೊಳಗೆ ಮಡಚಿಟ್ಟಳು. ಆಮೇಲೆ ಗಂಡನ ಎದುರು ನಿಂತಳು.

"ಮೂರು ವಾರ ದಿನಾ ಡಬ್ಬಿ ಕಟ್ಟಿಕೊಟ್ಟೆನಲ್ಲ, ಎಲ್ಲಿ ಕೂತು ತಿಂತಿದ್ರಿ?"

"ಕಾರಲ್ಲೇ," ಎಂದ ರಿಜ್ವಾನ್. "ಶಾಪಿಂಗ್ ಸೆಂಟರ್ ಪಾರ್ಕಿಂಗಲ್ಲಿ. ನಿನ್ನ ಅಂಗಡಿ ಕಾಣೋ ಕಡೆ."